‘ಮತ್ತು ಸಂಗಡಿಗರು’: ಹಾಡಿಗೆ ಅಂಟಿದ ಹೆಸರಿನ ಚರಿತ್ರೆ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡವ್ವನಿಗೆ ತೋರಿಸಬೇಕು ಅಂತ ಮೊಬೈಲಿನಲ್ಲಿ ಒಂದು ಹಾಡು ಹುಡುಕಿ ಇಟ್ಟುಕೊಂಡಿದ್ದೆ. ಇಪ್ಪತ್ತೈದು ವರ್ಷಕ್ಕೂ ಹಿಂದೆ ಅವಳೂ ಅವಳ ಓಣಿಯ ಇನ್ನೈದು ಹೆಣ್ಣುಮಕ್ಕಳೂ ಸೇರಿ ಸೋಬಾನೆ ಪದಗಳ ಕ್ಯಾಸೆಟ್ಟೊಂದಕ್ಕೆ ಹಾಡಿದ್ದರು. ಪಟ್ಟಣದ ಸಣ್ಣ ಕ್ಯಾಸೆಟ್ ಕಂಪನಿಯೊಂದು ಅವರನ್ನು ಕರೆಸಿಕೊಂಡು, ಒಂದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿ, ತಲೆಗೊಂದು ಸೀರೆ ಮತ್ತು ಬಸ್ ಚಾರ್ಜು ಕೊಟ್ಟು ಕಳಿಸಿತ್ತಂತೆ. ಮುಂದೆ ನಿಂತು ಹಾಡಿದವರು ಬೇರೆ ಊರಿನ ಗಾಯಕಿ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅವರ ಹೆಸರಿತ್ತು, ಅದರ ಪಕ್ಕದಲ್ಲಿ ‘ಮತ್ತು ಸಂಗಡಿಗರು’ ಅಂತ ಇತ್ತು. ನಮ್ಮ ದೊಡ್ಡವ್ವ ಆ ‘ಸಂಗಡಿಗರು’ ಎನ್ನುವ ಪದದೊಳಗೆ ಇದ್ದಳು. ಆದರೂ ನೆಂಟರು ಬಂದಾಗಲೆಲ್ಲ ಆ ಕಾಗದವನ್ನು ಟ್ರಂಕಿನಿಂದ ತೆಗೆದು ತೋರಿಸುತ್ತಿದ್ದಳು.

ಹಾಡು ಶುರುವಾಗುತ್ತಲೇ ಗುರುತು ಹಿಡಿದಳು. ಯಾವ ಸಾಲಿನಲ್ಲಿ ಯಾರ ದನಿ ಮೇಲಿದೆ, ಎಲ್ಲಿ ಯಾರು ಕೆಮ್ಮು ತಡೆದುಕೊಂಡರು ಎಂಬುದೆಲ್ಲ ಅವಳಿಗೆ ನೆನಪಿತ್ತು. ಆಮೇಲೆ ಮೊಬೈಲನ್ನು ಕೈಗೆ ತೆಗೆದುಕೊಂಡು, “ಇದರಾಗ ನಮ್ಮ ಹೆಸರು ಏನಂತ ಬರದಾರೋ ತಮ್ಮಾ?” ಅಂತ ಕೇಳಿದಳು. ಪರದೆಯ ಮೇಲೆ ಹಾಡಿನ ಮೊದಲ ಎರಡು ಪದಗಳು ಇಂಗ್ಲಿಷ್ ಅಕ್ಷರಗಳಲ್ಲಿ, ತಪ್ಪು ಕಾಗುಣಿತದಲ್ಲಿ ಇದ್ದವು. ಗಾಯಕರ ಜಾಗದಲ್ಲಿ ‘ವೇರಿಯಸ್ ಆರ್ಟಿಸ್ಟ್ಸ್’ ಎಂದಿತ್ತು. ಕೆಳಗೆ ಕಂಪನಿಯ ಹೆಸರು. ಮುಖ್ಯ ಗಾಯಕಿಯ ಹೆಸರೂ ಇರಲಿಲ್ಲ. ನಾನು, “ನಾನಾ ಕಲಾವಿದರು ಅಂತ ಐತಿ” ಎಂದೆ. ಅವಳು ಸ್ವಲ್ಪ ಹೊತ್ತು ನೋಡಿ, “ಅಂದ್ರ, ಸಂಗಡಿಗರು ಅನ್ನೂದನ್ನೂ ತಗದು ಹಾಕಿದ್ರು” ಅಂದಳು.

ಧ್ವನಿಮುದ್ರಣದ ಸಾಮಾಜಿಕ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಡಿಜಿಟಲ್ ತಂತ್ರಜ್ಞಾನ ಜಗತ್ತಿನ ಸಂಗೀತ ಉದ್ಯಮವನ್ನು ಹೇಗೆ ಬದಲಿಸಿತು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ದುಡ್ಡಿನ ಕಡೆಯಿಂದ ಅಥವಾ ಪೈರಸಿಯ ಕಡೆಯಿಂದ ಕೇಳಲಾಗುತ್ತದೆ. ನಾನೂ ಮೂರು ವರ್ಷ ಹಾಗೆಯೇ ಓದಿಕೊಂಡು ಬಂದೆ. ದೊಡ್ಡವ್ವನ ಮಾತಿನ ನಂತರ ಅದೇ ಪುಸ್ತಕಗಳನ್ನು ಬೇರೆ ಪ್ರಶ್ನೆ ಇಟ್ಟುಕೊಂಡು ತಿರುವಿಹಾಕಿದೆ: ಹಾಡಿನ ಜೊತೆ ಹಾಡಿದವರ ಹೆಸರು ಹೇಗೆ ಪ್ರಯಾಣ ಮಾಡುತ್ತಾ ಬಂತು? ಎಲ್ಲಿ ಕಳಚಿಕೊಂಡಿತು?

ಈ ಕಥೆಯ ಆರಂಭ ಡಿಜಿಟಲ್ ಕಾಲಕ್ಕಿಂತ ಬಹಳ ಹಿಂದಿದೆ. 1902ರಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದ. ಆ ವರ್ಷದ ನವೆಂಬರಿನಲ್ಲಿ ಅವನು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡ. ಆಗ ತಟ್ಟೆಗಳನ್ನು ಒತ್ತುವ ಕಾರ್ಖಾನೆ ಇದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಹಿಂದೂಸ್ತಾನಿ, ಬಂಗಾಳಿ ಯಾವುದೂ ತಿಳಿಯದು. ಯಾವ ಮುದ್ರಣ ಯಾರದ್ದೆಂದು ಗೊತ್ತಾಗಲಿ ಎಂದು ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಬೇಕಿತ್ತು. ಗೌಹರ್ ಜಾನ್ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಹಾಡು ಮುಗಿಸುವ ರೀತಿ ಆಕೆಯ ಹಾಡುಗಳಷ್ಟೇ ಪ್ರಸಿದ್ಧವಾಯಿತು. ತಟ್ಟೆಯ ಒಂದು ಮುಖಕ್ಕೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುವ ರಾಗವನ್ನು ಅಷ್ಟರೊಳಗೆ ಕೂರಿಸಿ, ಹೆಸರಿಗೂ ಎರಡು ಸೆಕೆಂಡು ಉಳಿಸಬೇಕು.

ಈ ಗೌಹರ್ ಜಾನ್ ಕೊನೆಗೆ ಬಂದು ಸೇರಿದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ನೇಮಕಗೊಂಡ ಆಕೆ 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಆಕೆಯ ಹೆಸರು ಈವತ್ತಿಗೂ ತಟ್ಟೆಯಿಂದ ಕೇಳಿಸುತ್ತದೆ. ಆದರೆ ಆ ಕಾಲದ ತಟ್ಟೆಗಳಲ್ಲಿ ಸಾರಂಗಿ ನುಡಿಸಿದವರು, ತಬಲಾ ಬಾರಿಸಿದವರು ಯಾರೆಂದು ಹುಡುಕಲು ಹೊರಟರೆ ಹೆಚ್ಚಿನ ಸಲ ಲೇಬಲ್ಲಿನ ಮೇಲೆ ಏನೂ ಸಿಗುವುದಿಲ್ಲ. ಸಂಗಡಿಗರು ಆಗಲೂ ಸಂಗಡಿಗರೇ.

ಹೆಸರು ಕಳೆದುಹೋಗುವುದು ಬರೀ ಮರೆವಿನ ಕೆಲಸವೂ ಅಲ್ಲ. 1939ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ ಸೊಲೊಮನ್ ಲಿಂಡಾ ಎಂಬ ಜುಲು ಗಾಯಕ ತನ್ನ ತಂಡದೊಂದಿಗೆ ‘ಎಂಬೂಬೆ’ ಎಂಬ ಹಾಡನ್ನು ಮುದ್ರಿಸಿದ. ಆ ಹಾಡಿನ ತಟ್ಟೆ ಅಮೆರಿಕಕ್ಕೆ ಹೋಯಿತು. ಐವತ್ತರ ದಶಕದ ಆರಂಭದಲ್ಲಿ ದಿ ವೀವರ್ಸ್ ತಂಡ ಅದನ್ನು ಹಾಡಿದಾಗ ರಚನೆಕಾರನ ಜಾಗದಲ್ಲಿ ಹಾಕಿದ್ದು ಪಾಲ್ ಕ್ಯಾಂಪ್‌ಬೆಲ್ ಎಂಬ ಹೆಸರು. ಅಂಥ ಮನುಷ್ಯನೇ ಇರಲಿಲ್ಲ. ಅದು ಹಳೆಯ ಹಾಡುಗಳ ಮೇಲೆ ಹಕ್ಕು ನೋಂದಾಯಿಸಲು ಬಳಸುತ್ತಿದ್ದ ಹುಸಿ ಹೆಸರು. 1961ರಲ್ಲಿ ಅದೇ ಹಾಡು ಇಂಗ್ಲಿಷ್ ಸಾಹಿತ್ಯ ಸೇರಿಸಿಕೊಂಡು ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ ಜಗತ್ತನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ಮಕ್ಕಳಿಗೆ ಒಂದು ಒಪ್ಪಂದದ ಮೂಲಕ ಪಾಲು ಸಿಕ್ಕಿದ್ದು 2006ರಲ್ಲಿ. ಹಾಗಾಗಿ ಎಲ್ಲ ತಪ್ಪನ್ನೂ ಕಂಪ್ಯೂಟರಿನ ತಲೆಗೆ ಕಟ್ಟುವಂತಿಲ್ಲ.

ಆದರೂ ತಟ್ಟೆ ಮತ್ತು ಕ್ಯಾಸೆಟ್ಟಿನ ಕಾಲದಲ್ಲಿ ಹೆಸರಿಗೆ ಒಂದು ಜಾಗವಿತ್ತು. ಅದು ಕಾಗದ. ತಟ್ಟೆಯ ನಡುವಿನ ದುಂಡನೆಯ ಲೇಬಲ್ಲು, ಎಲ್‌ಪಿಯ ದೊಡ್ಡ ಹೊದಿಕೆ, ಕ್ಯಾಸೆಟ್ ಡಬ್ಬಿಯೊಳಗಿನ ಮಡಚಿದ ಹಾಳೆ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಭಾರತದ ಸಂಗೀತ ವ್ಯಾಪಾರವನ್ನು ಒಂದೆರಡು ದೊಡ್ಡ ಕಂಪನಿಗಳ ಕೈಯಿಂದ ಬಿಡಿಸಿ ಊರೂರಿನ ಸಣ್ಣ ನಿರ್ಮಾಪಕರ ಕೈಗೆ ತಂದಿತು ಎಂಬುದನ್ನು ಪೀಟರ್ ಮ್ಯಾನುಯೆಲ್ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಅವರು ಬರೆದದ್ದು ಉತ್ತರ ಭಾರತದ ಬಗ್ಗೆ. ಆದರೆ ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಬಯಲಾಟ, ಗೀಗೀ ಪದ, ಭಜನೆ, ಭಾವಗೀತೆಗಳ ಕ್ಯಾಸೆಟ್ಟುಗಳ ಸಾಲು ನೋಡಿದವರಿಗೆ ಅದು ಹೊಸ ವಿಷಯವೇನಲ್ಲ. ದೊಡ್ಡವ್ವನ ದನಿ ಮುದ್ರಣವಾದದ್ದೂ ಆ ಅಲೆಯಲ್ಲಿಯೇ. ಆ ಹಾಳೆ ಅನ್ಯಾಯವನ್ನು ಮುಚ್ಚಿಡುತ್ತಿರಲಿಲ್ಲ. ‘ಸಂಗಡಿಗರು’ ಎಂದು ಓದಿದವರಿಗೆ ಇಲ್ಲಿ ಇನ್ನೂ ಜನ ಇದ್ದಾರೆ ಎಂದಾದರೂ ತಿಳಿಯುತ್ತಿತ್ತು.

ಹೆಸರು ಕಾಗದದಿಂದ ಬೇರೆಯಾದದ್ದು ಸಿ.ಡಿ. ಬಂದಾಗ. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಡಿಜಿಟಲ್ ಸಂಗೀತದ ಮೊದಲ ದೊಡ್ಡ ಸರಕು. ಅದರ ಮೂಲ ಮಾನಕದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ದಾಖಲಿಸುವ ವ್ಯವಸ್ಥೆ ಇತ್ತು. ಪ್ರತಿ ಹಾಡು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕವಿತ್ತು. ಹಾಡಿನ ಹೆಸರಾಗಲಿ, ಹಾಡಿದವರ ಹೆಸರಾಗಲಿ ಇರಲೇಬೇಕು ಎಂಬ ನಿಯಮವಿರಲಿಲ್ಲ. ಹೆಸರು ಡಬ್ಬಿಯ ಕಾಗದದಲ್ಲಿ ಇದ್ದೇ ಇರುತ್ತದಲ್ಲ ಎಂದು ಎಂಜಿನಿಯರುಗಳು ಅಂದುಕೊಂಡಿದ್ದರೆ ಅದು ಸಹಜವೇ. ಸಿ.ಡಿ.ಯನ್ನು ಜನ ಕಂಪ್ಯೂಟರಿಗೆ ಹಾಕಿ ಕೇಳತೊಡಗಿದಾಗ ತೊಡಕು ಗೊತ್ತಾಯಿತು. ಪರದೆಯ ಮೇಲೆ ಟ್ರ್ಯಾಕ್ 1, ಟ್ರ್ಯಾಕ್ 2 ಎಂದಷ್ಟೇ ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ಟಿ ಕಾನ್ ಎಂಬ ಪ್ರೋಗ್ರಾಮರ್ ಇದಕ್ಕೆ ಒಂದು ಉಪಾಯ ಕಂಡುಕೊಂಡ. ಒಂದು ಸಿ.ಡಿ.ಯಲ್ಲಿರುವ ಹಾಡುಗಳ ಅವಧಿಗಳನ್ನೇ ಲೆಕ್ಕ ಹಾಕಿ ಅದಕ್ಕೊಂದು ಗುರುತಿನ ಸಂಖ್ಯೆ ಮಾಡುವುದು. ಆ ಸಂಖ್ಯೆಯ ಎದುರು ಯಾರಾದರೂ ಒಬ್ಬರು ಕಾಗದ ನೋಡಿ ಹೆಸರುಗಳನ್ನು ಟೈಪ್ ಮಾಡಿ ಕಳಿಸಿದರೆ ಸಾಕು, ಅದೇ ಸಿ.ಡಿ. ಇರುವ ಉಳಿದವರಿಗೆಲ್ಲ ಹೆಸರು ತಾನಾಗಿ ಬರುತ್ತದೆ. ಸಿಡಿಡಿಬಿ ಎಂಬ ಈ ದಾಖಲೆಯನ್ನು ಕಟ್ಟಿದವರು ಹೆಚ್ಚಾಗಿ ಸಂಬಳವಿಲ್ಲದ ಕೇಳುಗರು. ಮುಂದೆ ಅದು ಗ್ರೇಸ್‌ನೋಟ್ ಎಂಬ ಕಂಪನಿಯಾಯಿತು. 2008ರಲ್ಲಿ ಸೋನಿ ಅದನ್ನು 26 ಕೋಟಿ ಡಾಲರಿಗೆ ಕೊಂಡಿತು. ಹೆಸರುಗಳ ಪಟ್ಟಿಯೇ ಒಂದು ಆಸ್ತಿ ಎಂದು ಉದ್ಯಮಕ್ಕೆ ಆಗ ಚೆನ್ನಾಗಿ ಗೊತ್ತಾಗಿತ್ತು.

ಇಷ್ಟರಲ್ಲಿ ಎಂಪಿ3 ಬಂದಿತ್ತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಮುಂದೆ ನಿಂತು ರೂಪಿಸಿದ ಈ ವಿಧಾನ, ಮನುಷ್ಯನ ಕಿವಿ ಹೇಗೂ ಗಮನಿಸದ ದನಿಗಳನ್ನು ಬಿಟ್ಟುಬಿಟ್ಟು ಹಾಡಿನ ಗಾತ್ರವನ್ನು ಸಿ.ಡಿ.ಯ ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿತು. ಎಂಪಿ3 ಎಂಬ ಹೆಸರು ಫೈಲುಗಳಿಗೆ ಅಂಟಿದ್ದು 1995ರಲ್ಲಿ. ಅದರೊಳಗೂ ಹಾಡಿನ ಹೆಸರಿಗೆ ಜಾಗವಿರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಫೈಲಿನ ಕೊನೆಗೆ 128 ಬೈಟುಗಳ ಒಂದು ಪುಟ್ಟ ಚೀಟಿ ಅಂಟಿಸುವ ಕ್ರಮ ಶುರುಮಾಡಿದ. ಇದಕ್ಕೆ ಐಡಿ3 ಎಂದು ಹೆಸರು.

ಈ ಚೀಟಿಯನ್ನು ನಾನು ಶಾಸನ ಓದುವ ಹಾಗೆ ಓದಿದ್ದೇನೆ. ಹಾಡಿನ ಹೆಸರಿಗೆ 30 ಬೈಟು, ಗಾಯಕರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಸಂಗೀತದ ಪ್ರಕಾರಕ್ಕೆ 1. ಇಲ್ಲಿ ಗೀತೆ ಬರೆದವರಿಗೆ ಜಾಗವಿಲ್ಲ. ರಾಗ ಸಂಯೋಜಿಸಿದವರಿಗೆ ಜಾಗವಿಲ್ಲ. ಕವಿಯ ಹೆಸರಿಲ್ಲದ ಭಾವಗೀತೆಯನ್ನು, ವಾಗ್ಗೇಯಕಾರನ ಹೆಸರಿಲ್ಲದ ಕೀರ್ತನೆಯನ್ನು, ವಚನಕಾರರ ಹೆಸರಿಲ್ಲದ ವಚನವನ್ನು ಕಲ್ಪಿಸಿಕೊಳ್ಳಿ. ಇನ್ನು ಭಾಷೆಯ ವಿಷಯ. ಆ ಚೀಟಿ ಹುಟ್ಟಿದ್ದೇ ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುನಿಕೋಡ್ ಕ್ರಮದಲ್ಲಿ ಕನ್ನಡದ ಒಂದು ವ್ಯಂಜನಕ್ಕೆ 3 ಬೈಟು, ಅದರ ಗುಣಿತ ಚಿಹ್ನೆಗೆ ಮತ್ತೆ 3 ಬೇಕು. ‘ಸೋಬಾನೆ ಪದಗಳು’ ಎಂದು ಬರೆಯಲು 34 ಬೈಟು ಆಗುತ್ತದೆ. 30ರ ಮನೆಯಲ್ಲಿ ಅದು ಹಿಡಿಸುವುದಿಲ್ಲ. ಪ್ರಕಾರಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಅದರಲ್ಲಿ ಡಿಸ್ಕೊ ಇತ್ತು, ಪೋಲ್ಕಾ ಇತ್ತು. ಜನಪದ ಇರಲಿಲ್ಲ, ಅದನ್ನು ಆಮೇಲೆ ಬೇರೆಯವರು ಸೇರಿಸಿದರು. 1998ರಲ್ಲಿ ಬಂದ ಚೀಟಿಯ ಎರಡನೆಯ ರೂಪದಲ್ಲಿ ಸಂಯೋಜಕರಿಗೂ ಗೀತೆ ಬರೆದವರಿಗೂ ಜಾಗ ಸಿಕ್ಕಿತು. ಆದರೆ ಜಾಗ ಇರುವುದು ಬೇರೆ, ಅದನ್ನು ಯಾರಾದರೂ ತುಂಬುವುದು ಬೇರೆ.

ತುಂಬುತ್ತಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತಾಲ್ಲೂಕಿನ ಮೊಬೈಲ್ ಅಂಗಡಿಗಳಲ್ಲಿ ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಕೊಡುತ್ತಿದ್ದರು. ಗಾಯಕರ ಹೆಸರಿನ ಜಾಗದಲ್ಲಿ ಆ ಹಾಡನ್ನು ಕದ್ದು ಹಂಚಿದ ಜಾಲತಾಣದ ವಿಳಾಸ ಇರುತ್ತಿತ್ತು. ಎಷ್ಟೋ ಹಾಡುಗಳನ್ನು ನಾನು ‘ಟ್ರ್ಯಾಕ್ 06’ ಎಂದೇ ಗುರುತಿಟ್ಟುಕೊಂಡಿದ್ದೆ. ಅವು ಯಾವ ಕವಿಯವು ಎಂದು ಗೊತ್ತಾದದ್ದು ಎಂ.ಎ. ಸೇರಿದ ಮೇಲೆ, ಪುಸ್ತಕದಲ್ಲಿ ಆ ಸಾಲುಗಳನ್ನು ಕಂಡಾಗ. ಕದಿಯುವುದರಲ್ಲಿ ನಾನೂ ಭಾಗಿಯಾಗಿದ್ದೆ ಎಂಬುದನ್ನು ಬಚ್ಚಿಟ್ಟು ಈ ಪ್ರಬಂಧ ಬರೆಯಲಾರೆ.

ಅದಕ್ಕಿಂತ ಮೊದಲು, 1999ರಲ್ಲಿ, ಅಮೆರಿಕದ ಶಾನ್ ಫ್ಯಾನಿಂಗ್ ಎಂಬ ಹದಿಹರೆಯದ ಹುಡುಗ ನ್ಯಾಪ್‌ಸ್ಟರ್ ಹೊರತಂದಿದ್ದ. ಒಬ್ಬರ ಕಂಪ್ಯೂಟರಿನ ಹಾಡನ್ನು ಇನ್ನೊಬ್ಬರು ನೇರವಾಗಿ ತೆಗೆದುಕೊಳ್ಳುವ ವ್ಯವಸ್ಥೆ ಅದು. ಅಲ್ಲಿ ಹಾಡು ಸಿಗುತ್ತಿದ್ದುದು ಫೈಲಿನ ಹೆಸರಿನಿಂದ. ಹೆಸರೇ ದಾರಿ, ಹೆಸರೇ ಬಾಗಿಲು. 2000ದಲ್ಲಿ ಮೆಟಾಲಿಕಾ ಎಂಬ ರಾಕ್ ತಂಡ ತನ್ನ ಹಾಡುಗಳನ್ನು ಹಂಚಿಕೊಂಡವರ ಪಟ್ಟಿಯೊಂದನ್ನು ನ್ಯಾಪ್‌ಸ್ಟರ್ ಕಚೇರಿಗೆ ತಂದು ಕೊಟ್ಟಿತು. ಅದರಲ್ಲಿ 3,35,435 ಬಳಕೆದಾರರ ಹೆಸರುಗಳಿದ್ದವು. ಕೇಳುಗರ ಹೆಸರನ್ನು ಇಷ್ಟು ಜತನದಿಂದ ಪಟ್ಟಿ ಮಾಡಿದ ಸಂದರ್ಭ ಸಂಗೀತದ ಚರಿತ್ರೆಯಲ್ಲಿ ಅದಕ್ಕೆ ಮೊದಲು ನನಗೆ ಸಿಕ್ಕಿಲ್ಲ. ಮರುವರ್ಷ ನ್ಯಾಯಾಲಯದ ಆದೇಶದಂತೆ ನ್ಯಾಪ್‌ಸ್ಟರ್ ಹೆಸರು ನೋಡಿ ಹಾಡುಗಳನ್ನು ತಡೆಯತೊಡಗಿದಾಗ, ಬಳಕೆದಾರರು ಗಾಯಕರ ಹೆಸರಿನ ಕಾಗುಣಿತವನ್ನೇ ಬೇಕೆಂದು ಕೆಡಿಸಿದರು. 2001ರ ಜುಲೈಯಲ್ಲಿ ಆ ಸೇವೆ ನಿಂತುಹೋಯಿತು.

ಮುಂದಿನದು ಬಹುಪಾಲು ಓದುಗರಿಗೆ ಗೊತ್ತಿರುವ ಕಥೆ. 2003ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಅಂಗಡಿ ತೆರೆದು ಒಂದು ಹಾಡನ್ನು 99 ಸೆಂಟಿಗೆ ಮಾರಿತು. 2008ರಲ್ಲಿ ಸ್ವೀಡನ್ನಿನ ಸ್ಪಾಟಿಫೈ ಹಾಡನ್ನು ಮಾರುವುದನ್ನೇ ಬಿಟ್ಟು, ಕೇಳುವುದಕ್ಕೆ ತಿಂಗಳ ಚಂದಾ ಕಟ್ಟಿಸಿಕೊಂಡಿತು. 1999ರ ನಂತರ ಹೆಚ್ಚೂ ಕಡಿಮೆ ಹದಿನೈದು ವರ್ಷ ಇಳಿಮುಖವಾಗಿದ್ದ ಮುದ್ರಿತ ಸಂಗೀತದ ಜಾಗತಿಕ ಆದಾಯ ಮತ್ತೆ ಏರತೊಡಗಿತು. ಧ್ವನಿಮುದ್ರಣ ಕಂಪನಿಗಳ ಜಾಗತಿಕ ಒಕ್ಕೂಟದ ವರದಿಯ ಪ್ರಕಾರ 2024ರಲ್ಲಿ ಅದು 2,960 ಕೋಟಿ ಡಾಲರ್. ಅದರಲ್ಲಿ ಶೇ. 69ರಷ್ಟು ಬಂದದ್ದು ಸ್ಟ್ರೀಮಿಂಗಿನಿಂದ.

ಇಲ್ಲಿಂದ ಮುಂದೆ ಹೆಸರಿನ ಪ್ರಶ್ನೆ ಮಾನದ ಪ್ರಶ್ನೆಯಾಗಿ ಮಾತ್ರ ಉಳಿಯಲಿಲ್ಲ, ಹೊಟ್ಟೆಯ ಪ್ರಶ್ನೆಯಾಯಿತು. ಕ್ಯಾಸೆಟ್ ಕಾಲದಲ್ಲಿ ಹೆಸರು ತಪ್ಪಾಗಿದ್ದರೂ ಅಂಗಡಿಯವ ಕ್ಯಾಸೆಟ್ ಮಾರುತ್ತಿದ್ದ, ದುಡ್ಡು ಕಂಪನಿಗೆ ಹೋಗುತ್ತಿತ್ತು. ಸ್ಟ್ರೀಮಿಂಗಿನಲ್ಲಿ ಒಂದು ತಿಂಗಳ ಚಂದಾ ಮತ್ತು ಜಾಹೀರಾತಿನ ಹಣವೆಲ್ಲ ಒಂದು ದೊಡ್ಡ ಗಂಟಾಗುತ್ತದೆ. ಕಂಪನಿಯ ಪಾಲು ತೆಗೆದ ಮೇಲೆ ಉಳಿದದ್ದು, ಯಾವ ಹಾಡು ಎಷ್ಟು ಸಲ ಕೇಳಿಸಿತು ಎಂಬ ಲೆಕ್ಕದ ಮೇಲೆ ಹಂಚಿಕೆಯಾಗುತ್ತದೆ. ಹಂಚುವುದು ಕಂಪ್ಯೂಟರು. ಅದಕ್ಕೆ ದನಿ ಕೇಳಿ ದೊಡ್ಡವ್ವನನ್ನು ಗುರುತಿಸಲು ಬಾರದು. ಅದು ನೋಡುವುದು ಮುದ್ರಣಕ್ಕೆ ಕೊಟ್ಟ ಹನ್ನೆರಡು ಅಂಕಿ-ಅಕ್ಷರಗಳ ಒಂದು ಸಂಕೇತವನ್ನು, ರಚನೆಗೆ ಕೊಟ್ಟ ಇನ್ನೊಂದು ಸಂಕೇತವನ್ನು, ಮತ್ತು ಅವುಗಳ ಮುಂದೆ ಬರೆದ ಹೆಸರುಗಳನ್ನು. ಅಲ್ಲಿ ಹೆಸರಿಲ್ಲದಿದ್ದರೆ ಆ ವ್ಯಕ್ತಿಯ ಮಟ್ಟಿಗೆ ಹಾಡೇ ಇಲ್ಲ.

ಇದು ಬಡ ದೇಶಗಳ ಹಳ್ಳಿ ಗಾಯಕರ ಸಮಸ್ಯೆಯಷ್ಟೇ ಅಲ್ಲ. ಅಮೆರಿಕದಲ್ಲಿ 2018ರ ಸಂಗೀತ ಕಾಯ್ದೆಯ ಪ್ರಕಾರ ಗೀತೆ ಬರೆದವರ, ಸಂಯೋಜಿಸಿದವರ ಡಿಜಿಟಲ್ ಗೌರವಧನ ಹಂಚಲು ಹೊಸ ಸಂಸ್ಥೆಯೊಂದನ್ನು ಮಾಡಿದರು. 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು, ಯಾರಿಗೆ ಸೇರಬೇಕೆಂದು ಹೊಂದಿಸಲಾಗದೆ ತಮ್ಮಲ್ಲೇ ಉಳಿದಿದ್ದ ಹಳೆಯ ಹಣವನ್ನು ಆ ಸಂಸ್ಥೆಗೆ ಒಪ್ಪಿಸಿದವು. ಅದರ ಮೊತ್ತ 42.4 ಕೋಟಿ ಡಾಲರ್. ಹಾಡು ಜನರಿಗೆ ತಲುಪಿತ್ತು, ದುಡ್ಡು ಬಂದಿತ್ತು, ಹಾಡಿನ ಹಿಂದಿನ ಮನುಷ್ಯರ ಹೆಸರು ಮಾತ್ರ ಸರಿಯಾಗಿ ಹೊಂದಿರಲಿಲ್ಲ. ಈ ಅಂಕಿಯನ್ನು ಮೊದಲ ಸಲ ಓದಿದಾಗ ನನಗೆ ದೊಡ್ಡವ್ವನ ಮೊಬೈಲ್ ಪರದೆ ಕಣ್ಣೆದುರು ಬಂತು.

ನಮ್ಮ ದೇಶದಲ್ಲಿ ಕಾನೂನು ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಗೀತೆ ಬರೆದವರು ಮತ್ತು ಸಂಗೀತ ಸಂಯೋಜಿಸಿದವರು ತಮ್ಮ ಗೌರವಧನದ ಪಾಲನ್ನು ಕಂಪನಿಗೆ ಪೂರ್ತಿ ಬರೆದುಕೊಡುವುದನ್ನು ತಡೆಯಿತು. ಗೀತಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರವಾಗಿ ಮಾತಾಡಿದ್ದು ಅನೇಕರಿಗೆ ನೆನಪಿರಬಹುದು. ಹಾಡುವವರ ಹಕ್ಕಿಗೂ ಆ ತಿದ್ದುಪಡಿ ಬಲ ಕೊಟ್ಟಿತು. ಆದರೆ ಕಾನೂನು ಹಕ್ಕು ಕೊಡುವುದು ಹೆಸರು ಗೊತ್ತಿರುವವರಿಗೆ. ಸೋಬಾನೆ ಪದ ಬರೆದವರು ಯಾರು? ಅದಕ್ಕೆ ಧಾಟಿ ಕೂಡಿಸಿದವರು ಯಾರು? ‘ಜನಪದ’ ಎಂದು ಬರೆದು ಮುಂದೆ ಹೋಗುತ್ತೇವೆ. ಅದು ಗೌರವದ ಮಾತೂ ಹೌದು, ಯಾರಿಗೂ ಏನೂ ಕೊಡಬೇಕಾಗಿಲ್ಲ ಎಂಬುದಕ್ಕೆ ಅನುಕೂಲದ ಮಾತೂ ಹೌದು. ಪದ ಎಲ್ಲರದಾಗಿರಬಹುದು. ಆ ದಿನ ಮೈಕಿನ ಮುಂದೆ ನಿಂತ ಆರು ಗಂಟಲುಗಳು ಆರು ಜನರವೇ.

ಹೆಸರು ಸೇರಿಸಿದರೆ ದೊಡ್ಡವ್ವನಿಗೆ ದುಡ್ಡು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. 2024ರಿಂದ ಸ್ಪಾಟಿಫೈ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಕೇಳಿಸದ ಮುದ್ರಣಗಳಿಗೆ ಹಣ ಲೆಕ್ಕ ಹಾಕುವುದನ್ನೇ ನಿಲ್ಲಿಸಿದೆ. ಅಂಥ ನಿಯಮದ ಕೆಳಗೆ ಒಂದು ಓಣಿಯ ಸೋಬಾನೆ ಪದಕ್ಕೆ ಸಿಗುವುದು ಸೊನ್ನೆ. ಅದೇ ಡಿಜಿಟಲ್ ವ್ಯವಸ್ಥೆ ಇಲ್ಲದಿದ್ದರೆ, ಕ್ಯಾಸೆಟ್ಟು ಸುತ್ತಿ ಹರಿದುಹೋದ ಮೇಲೆ ಆ ದನಿಯನ್ನು ನಾನು ಮತ್ತೆ ಕೇಳುತ್ತಲೂ ಇರಲಿಲ್ಲ. ದನಿಯನ್ನು ಉಳಿಸಿ ಹೆಸರನ್ನು ಬಿಟ್ಟುಬಂದ ತಂತ್ರಜ್ಞಾನವನ್ನು ಪೂರ್ತಿ ಬೈಯಲೂ ಆಗದೆ, ಪೂರ್ತಿ ಹೊಗಳಲೂ ಆಗದೆ ನಾನು ಸುಮ್ಮನಾಗುತ್ತೇನೆ.

ಈಗ ಈ ಅಗಲಿಕೆ ಇನ್ನೊಂದು ಹಂತಕ್ಕೆ ಹೋಗಿದೆ. 2024ರ ಜೂನಿನಲ್ಲಿ ಜಗತ್ತಿನ ಮೂರು ದೊಡ್ಡ ಸಂಗೀತ ಕಂಪನಿಗಳು ಸುನೊ ಮತ್ತು ಯೂಡಿಯೊ ಎಂಬ ಕೃತಕ ಬುದ್ಧಿಮತ್ತೆಯ ಸೇವೆಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿದವು. ತಮ್ಮ ಮುದ್ರಣಗಳನ್ನು ಅನುಮತಿಯಿಲ್ಲದೆ ಯಂತ್ರಕ್ಕೆ ಕಲಿಸಲು ಬಳಸಿದ್ದಾರೆ ಎಂಬುದು ಅವರ ದೂರು. ದೊಡ್ಡ ಕಂಪನಿಗಳಿಗೆ ವಕೀಲರಿದ್ದಾರೆ, ದಾಖಲೆಗಳಿವೆ. ‘ವೇರಿಯಸ್ ಆರ್ಟಿಸ್ಟ್ಸ್’ ಎಂದು ಬರೆದಿಟ್ಟ ದನಿಯನ್ನು ಯಾವುದಾದರೂ ಯಂತ್ರ ಕಲಿತುಕೊಂಡರೆ ದೂರು ಕೊಡುವವರು ಯಾರು? ತನ್ನದೆಂದು ತೋರಿಸಲು ದೊಡ್ಡವ್ವನ ಬಳಿ ಇರುವುದು ಟ್ರಂಕಿನೊಳಗಿನ ಆ ಮಡಚಿದ ಕಾಗದ ಒಂದೇ. ಅದರಲ್ಲೂ ಅವಳ ಹೆಸರಿಲ್ಲ.

ಹಬ್ಬ ಮುಗಿಸಿ ಹೊರಡುವ ಮುನ್ನ ಆ ಹಾಡನ್ನು ಹಾಕಿದ ಕಂಪನಿಗೆ ಒಂದು ಮಿಂಚಂಚೆ ಬರೆದೆ. ಉತ್ತರ ಬಂದಿಲ್ಲ. ಬರುತ್ತದೆಂಬ ಭರವಸೆಯೂ ಹೆಚ್ಚಿಲ್ಲ. ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗದೆ ದೊಡ್ಡವ್ವನನ್ನು ಪಡಸಾಲೆಯಲ್ಲಿ ಕೂರಿಸಿ ಅದೇ ಪದವನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಜನಪದ ಸಂಗ್ರಹಕ್ಕೆ ಹೋದಾಗ ನಾವು ಸಂಶೋಧಕರು ಪಾಲಿಸುವ ಒಂದು ಕ್ರಮವಿದೆ. ಹಾಡಿಗೆ ಮೊದಲು ಹಾಡುವವರು ತಮ್ಮ ಹೆಸರು, ಊರು, ತಾರೀಖು ಹೇಳಬೇಕು. ಹಾಗೆಯೇ ಹೇಳು ಎಂದೆ.

ಅವಳು ತನ್ನ ಹೆಸರು ಹೇಳಿದಳು. ಊರು ಹೇಳಿದಳು. ನಾನು ಹಾಡು ಶುರುವಾಗುತ್ತದೆ ಅಂತ ಕಾಯುತ್ತಿದ್ದರೆ ಅವಳು ನಿಲ್ಲಿಸಲೇ ಇಲ್ಲ. ಉಳಿದ ಐವರ ಹೆಸರನ್ನೂ ಗಂಡನ ಮನೆ, ತವರುಮನೆ ಸಮೇತ ಒಬ್ಬೊಬ್ಬರಾಗಿ ಹೇಳಿದಳು. ಅವರಲ್ಲಿ ಇಬ್ಬರು ಈಗ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಎಲ್ಲಾರದೂ ಬಂತಿಲ್ಲೋ? ಇನ್ನ ಹಾಡ್ಲೇನು?” ಅಂತ ಕೇಳಿದಳು. ಆ ಮುದ್ರಣ ಈಗ ನನ್ನ ಸಂಶೋಧನೆಯ ಕಡತದಲ್ಲಿದೆ. ಹೆಸರುಗಳಿಗೆ ಒಂದು ನಿಮಿಷ ಹನ್ನೆರಡು ಸೆಕೆಂಡು ಹಿಡಿದಿದೆ. ಅದನ್ನು ನಾನು ಕತ್ತರಿಸಿಲ್ಲ.